ಹಳ್ಳಿಯ ರಂಗಮಂದಿರದಲ್ಲಿ ಲೋಕದ ಚಿತ್ರಗಳು

ಚಲನಚಿತ್ರವು ಹುಟ್ಟಿದಾಗ ಕಿರಿದಾಗಿಯೇ ಹುಟ್ಟಿತು. 1895ರ ಡಿಸೆಂಬರ್ 28ರಂದು ಪ್ಯಾರಿಸ್ ನಗರದ ಗ್ರಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಲ್ಯೂಮಿಯೇರ್ ಸಹೋದರರು ಹಣ ತೆತ್ತು ಬಂದ ಪ್ರೇಕ್ಷಕರಿಗೆ ತೋರಿಸಿದ ಹತ್ತು ಚಿತ್ರಗಳಲ್ಲಿ ಒಂದಾದರೂ ಒಂದು ನಿಮಿಷವನ್ನು ಮೀರಿದುದಲ್ಲ. ಕಾರ್ಖಾನೆಯ ಬಾಗಿಲಿನಿಂದ ಹೊರಬರುವ ಕೆಲಸಗಾರರು, ತೋಟಕ್ಕೆ ನೀರು ಹಾಯಿಸುವವನನ್ನು ಕಾಡುವ ತುಂಟ ಹುಡುಗ, ಮಗುವಿಗೆ ಉಣ್ಣಿಸುವ ತಂದೆತಾಯಿಯರು, ಇಂಥವೇ ಅಂದಿನ ವಸ್ತುಗಳು. ಏಳು ತಿಂಗಳು ತುಂಬುವುದರೊಳಗೆ, 1896ರ ಜುಲೈ 7ರಂದು, ಬೊಂಬಾಯಿಯ ವ್ಯಾಟ್ಸನ್ ಹೋಟೆಲಿನಲ್ಲಿಯೂ ಈ ವಿಸ್ಮಯದ ಪ್ರದರ್ಶನ ನಡೆಯಿತು. ಇಂದು ‘ಕಿರುಚಿತ್ರ’ ಎಂದು ಬೇರೆ ಹೆಸರಿಟ್ಟು ಕರೆಯುವ ಪ್ರಕಾರವೇ ಚಲನಚಿತ್ರದ ಆದಿರೂಪವೆಂದ ಹಾಗಾಯಿತು.

ಕಥೆ ಬೆಳೆದಂತೆ ಚಿತ್ರದ ಉದ್ದ ಬೆಳೆಯಿತು. ಉದ್ದದೊಡನೆ ವೆಚ್ಚವೂ ಬೆಳೆಯಿತು. ಹಾಕಿದ ಬಂಡವಾಳ ಹಿಂದಿರುಗಬೇಕಾದರೆ ಚಿತ್ರಮಂದಿರವು ದಿನಕ್ಕೆ ಮೂರು ನಾಲ್ಕು ಆಟ ತುಂಬಬೇಕು. ಎರಡೂವರೆ ಗಂಟೆಯ ಚಿತ್ರಕ್ಕೆ ಟಿಕೆಟು ಮಾರಬಹುದೇ ಹೊರತು ಹತ್ತು ನಿಮಿಷದ ಚಿತ್ರಕ್ಕೆ ಮಾರಲಾಗದು. ಹೀಗಾಗಿ ಕಿರುಚಿತ್ರವು ತಾನು ಹುಟ್ಟಿದ ಮನೆಯಿಂದಲೇ ಹೊರಬಿದ್ದಿತು. 1948ರಲ್ಲಿ ಆರಂಭವಾದ ಭಾರತ ಸರ್ಕಾರದ ಫಿಲ್ಮ್ಸ್ ಡಿವಿಷನ್ ತಯಾರಿಸುತ್ತಿದ್ದ ವಾರ್ತಾಚಿತ್ರಗಳನ್ನೂ ಕಿರುಚಿತ್ರಗಳನ್ನೂ ಪ್ರಧಾನ ಚಿತ್ರಕ್ಕೆ ಮೊದಲು ತೋರಿಸಬೇಕೆಂಬ ಕಟ್ಟಳೆಯೇನೋ ಇದ್ದಿತು. ಆ ಹೊತ್ತಿನಲ್ಲಿ ಬಹುಮಂದಿ ಪ್ರೇಕ್ಷಕರು ಹೊರಗೆ ಕಡಲೆಕಾಯಿ ಕೊಳ್ಳುತ್ತ ನಿಂತಿರುತ್ತಿದ್ದುದು ಬೇರೆ ಮಾತು. ದೊಡ್ಡ ಬಂಡವಾಳವನ್ನೂ ಹೆಸರಾಂತ ತಾರೆಗಳನ್ನೂ ನೆಚ್ಚದೆ ತಯಾರಾಗುವ ಸ್ವತಂತ್ರ ಚಿತ್ರಗಳ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಪ್ರಶಸ್ತಿ ಬಂದಿತೆಂಬ ಸುದ್ದಿ ಊರಿಗೆ ತಲುಪುತ್ತಿತ್ತು. ಚಿತ್ರ ಮಾತ್ರ ತಲುಪುತ್ತಿರಲಿಲ್ಲ.

ಇಂಥ ಚಿತ್ರಗಳಿಗೆ ನೆಲೆ ಕಲ್ಪಿಸಲೆಂದು ಹುಟ್ಟಿಕೊಂಡವು ಚಿತ್ರಸಮಾಜಗಳು. ಲಂಡನ್ನಿನಲ್ಲಿ 1925ರಲ್ಲಿಯೇ ಅಂಥದೊಂದು ಸಂಸ್ಥೆ ಆರಂಭವಾಗಿತ್ತು. ನಮ್ಮ ದೇಶದಲ್ಲಿ ಸತ್ಯಜಿತ್ ರಾಯ್, ಚಿದಾನಂದ ದಾಸ್‌ಗುಪ್ತ ಮೊದಲಾದ ಮಿತ್ರರು 1947ರಲ್ಲಿ ಕಲ್ಕತ್ತೆಯ ಚಿತ್ರಸಮಾಜವನ್ನು ಸ್ಥಾಪಿಸಿದರು. 1959ರಲ್ಲಿ ಇಂಥ ಸಮಾಜಗಳೆಲ್ಲ ಸೇರಿ ರಾಷ್ಟ್ರಮಟ್ಟದ ಒಕ್ಕೂಟವನ್ನು ರಚಿಸಿಕೊಂಡವು. ಬೆಂಗಳೂರಿನ ‘ಸುಚಿತ್ರ’ 1971ರಲ್ಲಿ ಹುಟ್ಟಿತು. ಇವುಗಳ ಏರ್ಪಾಟು ಸರಳವಾದುದು. ಸದಸ್ಯರು ಚಂದಾ ಸಲ್ಲಿಸುತ್ತಾರೆ, ಆ ಹಣದಿಂದ ಚಿತ್ರಗಳನ್ನು ತರಿಸಿ ಸದಸ್ಯರಿಗೆ ತೋರಿಸಲಾಗುತ್ತದೆ, ಲಾಭದ ಮಾತಿಲ್ಲ. ಆದರೆ ಇವುಗಳಲ್ಲಿ ಬಹುಪಾಲು ನಗರಗಳಲ್ಲಿಯೇ ಇದ್ದವು. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಸವಿಯಲು ಇಂಗ್ಲಿಷ್ ಬಲ್ಲ ನಗರವಾಸಿಯೇ ಆಗಬೇಕು, ಹಳ್ಳಿಯವರಿಗೆ ಹಾಡು, ಕುಣಿತ, ಹೊಡೆದಾಟಗಳಷ್ಟೇ ಸಾಕು ಎಂಬ ಭಾವನೆ ವಿದ್ಯಾವಂತರಲ್ಲಿ ಬೇರೂರಿತ್ತು. ಅದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ.

ಪರೀಕ್ಷಿಸಿ ನೋಡಿದ ಊರು ಹೆಗ್ಗೋಡು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಈ ಹಳ್ಳಿ ಅಡಕೆ ತೋಟಗಳ ನಡುವೆ ಇರುವಂಥದು. ಮಳೆಗಾಲದಲ್ಲಿ ಇಲ್ಲಿ ತಿಂಗಳುಗಟ್ಟಲೆ ಎಡೆಬಿಡದೆ ಮಳೆ ಸುರಿಯುತ್ತದೆ. 1949ರಲ್ಲಿ ಇಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘವು ಸ್ಥಾಪನೆಯಾಯಿತು. ‘ನೀನಾಸಂ’ ಎಂಬುದು ಆ ದೀರ್ಘನಾಮದ ಹ್ರಸ್ವರೂಪ. ಹವ್ಯಾಸಿ ನಾಟಕಗಳನ್ನಾಡುವ ಊರಿನ ಸಂಘವಾಗಿದ್ದ ಇದನ್ನು ಬೆಳೆಸಿದವರಲ್ಲಿ ಪ್ರಮುಖರು ಕೆ. ವಿ. ಸುಬ್ಬಣ್ಣನವರು. ಮೈಸೂರಿನಲ್ಲಿ ಓದಿ, ಕುವೆಂಪು ಅವರ ಶಿಷ್ಯರಾಗಿದ್ದು, ಊರಿಗೆ ಹಿಂದಿರುಗಿ ಅಡಕೆ ಕೃಷಿಯೊಡನೆ ನಾಟಕ, ಪುಸ್ತಕ ಪ್ರಕಟಣೆಗಳಲ್ಲಿ ತೊಡಗಿದವರು ಅವರು. ಸಂಘವು ಕಟ್ಟಿಸಿದ ರಂಗಮಂದಿರಕ್ಕೆ ಶಿವರಾಮ ಕಾರಂತರ ಹೆಸರನ್ನಿಟ್ಟರು. ಆ ಹೆಸರು ಚಲನಚಿತ್ರಕ್ಕೂ ಹೊರಗಿನದಲ್ಲ. ಮೂಕಿಚಿತ್ರಗಳ ಕಾಲದಲ್ಲಿಯೇ ಚಿತ್ರನಿರ್ಮಾಣಕ್ಕೆ ಕೈಹಾಕಿದ್ದ ಕಾರಂತರು 1978ರಲ್ಲಿ ‘ಮಲೆಯ ಮಕ್ಕಳು’ ಎಂಬ ಚಿತ್ರವನ್ನೂ ನಿರ್ದೇಶಿಸಿದರು.

1973ರಲ್ಲಿ ನೀನಾಸಂ ಚಿತ್ರಸಮಾಜವು ಅಸ್ತಿತ್ವಕ್ಕೆ ಬಂದಿತು. ನಾಟಕದ ಸಂಘವೊಂದು ಸಿನಿಮಾಕ್ಕೆ ತನ್ನ ಮನೆಯಲ್ಲಿ ಎಡೆಕೊಟ್ಟಿತೆಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಊರೂರು ತಿರುಗುತ್ತಿದ್ದ ವೃತ್ತಿನಾಟಕ ಕಂಪನಿಗಳು ಸೊರಗಲು ಸಿನಿಮಾವೂ ಒಂದು ಕಾರಣವೆಂಬ ಅಳಲು ರಂಗಭೂಮಿಯವರಲ್ಲಿ ಇದ್ದೇ ಇತ್ತು. ಹೆಗ್ಗೋಡಿನವರು ಅದನ್ನು ಜಗಳವಾಗಿ ಕಾಣಲಿಲ್ಲ. ನಾಟಕವನ್ನು ನೋಡಿ ಪಳಗಿದ ಕಣ್ಣು ಚಿತ್ರವನ್ನೂ ನೋಡಬಲ್ಲುದು ಎಂಬುದು ಅವರ ನಂಬಿಕೆಯಾಗಿತ್ತು.

ಚಿತ್ರಗಳನ್ನು ತರುವುದೆಲ್ಲಿಂದ? 1964ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವು ಈ ಪ್ರಶ್ನೆಗೆ ಉತ್ತರವಾಯಿತು. ಮರುವರ್ಷ ಅಲ್ಲಿ ಸೇವೆಗೆ ಸೇರಿದ ಪಿ. ಕೆ. ನಾಯರ್ ಅವರು ದೇಶ ವಿದೇಶಗಳ ಚಿತ್ರಗಳನ್ನು ಒಂದೊಂದಾಗಿ ಕೂಡಿಸಿದರು. ಕೂಡಿಸಿದುದನ್ನು ಬೀಗ ಹಾಕಿ ಇಡದೆ ಚಿತ್ರಸಮಾಜಗಳಿಗೆ ಕಳುಹಿಸಿಕೊಟ್ಟರು. ಹೀಗೆ ಊರಿಂದೂರಿಗೆ ಹೋಗಲು ಅನುಕೂಲವಾಗಿದ್ದುದು 16 ಮಿಲಿಮೀಟರ್ ಅಗಲದ ಫಿಲ್ಮು. ಚಿತ್ರಮಂದಿರಗಳಲ್ಲಿ ಬಳಕೆಯಲ್ಲಿದ್ದುದು 35 ಮಿಲಿಮೀಟರಿನದು. ಅದರಲ್ಲಿ ಒಂದು ನಿಮಿಷದ ದೃಶ್ಯಕ್ಕೆ 90 ಅಡಿ ಫಿಲ್ಮು ಬೇಕು. ಒಂದೂವರೆ ಗಂಟೆಯ ಚಿತ್ರವೆಂದರೆ 8,100 ಅಡಿ. ಜೊತೆಗೆ ಅದನ್ನು ಓಡಿಸಲು ಭಾರವಾದ ಯಂತ್ರ. 16 ಮಿಲಿಮೀಟರಿನಲ್ಲಿ ನಿಮಿಷಕ್ಕೆ 36 ಅಡಿ ಸಾಕು. ಅದೇ ಚಿತ್ರ 3,240 ಅಡಿಯಲ್ಲಿ ಮುಗಿಯುತ್ತದೆ. ಅದರ ಪ್ರೊಜೆಕ್ಟರನ್ನು ಒಬ್ಬಿಬ್ಬರು ಹೊತ್ತು ತರಬಹುದು, ಮೇಜಿನ ಮೇಲಿಟ್ಟು ನಡೆಸಬಹುದು.

ಯಂತ್ರದ ಕೆಲಸವೂ ಸ್ವಾರಸ್ಯವಾದುದು. ಫಿಲ್ಮಿನ ಪಟ್ಟಿಯ ಮೇಲಿರುವುದು ಸ್ಥಿರಚಿತ್ರಗಳ ಸಾಲು ಮಾತ್ರ. ಸೆಕೆಂಡಿಗೆ 24 ಚಿತ್ರಗಳು ದೀಪದ ಮುಂದೆ ಬಂದು ನಿಂತು ಸರಿಯುತ್ತವೆ. ಒಂದು ಚಿತ್ರ ಸರಿದು ಇನ್ನೊಂದು ಬರುವ ಎಡೆಯಲ್ಲಿ ತಿರುಗುವ ಮುಚ್ಚಳವೊಂದು ಬೆಳಕನ್ನು ತಡೆಯುತ್ತದೆ. ಹಾಗಾಗಿ ತೆರೆಯು ಕ್ಷಣಕ್ಷಣಕ್ಕೂ ಕತ್ತಲಾಗುತ್ತಲೇ ಇರುತ್ತದೆ. ನೋಡುವವನ ಕಣ್ಣು ಮನಸ್ಸುಗಳೇ ಆ ಕತ್ತಲೆಯನ್ನು ಅಳಿಸಿ ಚಲನೆಯನ್ನು ಕಾಣುತ್ತವೆ. ಒಂದೇ ಪ್ರೊಜೆಕ್ಟರು ಇದ್ದಲ್ಲಿ ಸುರುಳಿ ಮುಗಿದೊಡನೆ ದೀಪ ಹಾಕಿ ಮುಂದಿನದನ್ನು ಏರಿಸಬೇಕು. ನಗರದ ಪ್ರೇಕ್ಷಕರಿಗೆ ಅದು ಅಡಚಣೆ. ಊರಿನ ಪ್ರೇಕ್ಷಕರಿಗೆ ಅದುವರೆಗೆ ಕಂಡುದನ್ನು ಪಕ್ಕದವರೊಡನೆ ಮಾತಾಡಿಕೊಳ್ಳಲು ಬಿಡುವು.

ಹೆಗ್ಗೋಡಿನಲ್ಲಿ ತೋರಿಸಿದ ಚಿತ್ರಗಳಲ್ಲಿ ಇಟಲಿಯ ‘ಬೈಸಿಕಲ್ ಥೀವ್ಸ್’, ಜಪಾನಿನ ‘ರಾಶೋಮನ್’, ಬಂಗಾಳದ ‘ಪಥೇರ್ ಪಾಂಚಾಲಿ’ ಇದ್ದವು. 1948ರಲ್ಲಿ ವಿಟ್ಟೋರಿಯೋ ಡಿ ಸಿಕಾ ನಿರ್ದೇಶಿಸಿದ ಮೊದಲನೆಯ ಚಿತ್ರದ ಕಥೆ ಇಷ್ಟೆ: ಗೋಡೆಗಳಿಗೆ ಚಿತ್ರಪಟ ಅಂಟಿಸುವ ಕೆಲಸ ಸಿಗಬೇಕಾದರೆ ಸೈಕಲ್ ಬೇಕು, ಅಡವಿಟ್ಟ ಸೈಕಲನ್ನು ಬಿಡಿಸಲು ಹೆಂಡತಿ ಮನೆಯ ಹಾಸಿಗೆಯ ಬಟ್ಟೆಗಳನ್ನು ಅಡವಿಡುತ್ತಾಳೆ, ಕೆಲಸದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ, ತಂದೆಯೂ ಚಿಕ್ಕ ಮಗನೂ ರೋಮ್ ನಗರವನ್ನೆಲ್ಲ ಅಲೆಯುತ್ತಾರೆ. ಮುಖ್ಯ ಪಾತ್ರ ವಹಿಸಿದವನು ನಟನಲ್ಲ, ಕಾರ್ಖಾನೆಯ ಕೆಲಸಗಾರ. ಇಟಲಿಯನ್ ಭಾಷೆಯ ಒಂದು ಪದವೂ ತಿಳಿಯದಿದ್ದರೇನು? ಪಾತ್ರೆಪಗಡ ಅಡವಿಟ್ಟು ಎತ್ತು ಕೊಂಡವರಿಗೆ, ಆ ಎತ್ತನ್ನು ಕಳೆದುಕೊಂಡವರಿಗೆ, ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ರಾಶೋಮನ್’ ಕಠಿಣವಾದ ಚಿತ್ರವೆಂದು ಪಂಡಿತರು ಹೇಳುವುದುಂಟು. ಅಕಿರಾ ಕುರೊಸಾವಾ 1950ರಲ್ಲಿ ತಯಾರಿಸಿದ ಈ ಚಿತ್ರದಲ್ಲಿ ಕಾಡಿನಲ್ಲಿ ನಡೆದ ಒಂದೇ ಘಟನೆಯನ್ನು ದರೋಡೆಗಾರ, ಹೆಂಗಸು, ಸತ್ತುಹೋದ ಆಕೆಯ ಗಂಡ, ಸೌದೆ ಕಡಿಯುವವನು ನಾಲ್ಕು ವಿಧವಾಗಿ ಹೇಳುತ್ತಾರೆ. ಸತ್ತವನು ಮಾತನಾಡುವುದು ಒಬ್ಬ ಮಾಂತ್ರಿಕಳ ಮೈಮೇಲೆ ಬಂದು. ಇದು ಯಾರಿಗೆ ಕಠಿಣ? ಮಲೆನಾಡಿನವನು ರಾತ್ರಿಯಿಡೀ ತಾಳಮದ್ದಲೆ ಕೇಳಿದವನು. ಅಲ್ಲಿ ಒಂದೇ ಪ್ರಸಂಗವನ್ನು ಕೃಷ್ಣನ ಅರ್ಥಧಾರಿ ಒಂದು ಬಗೆಯಾಗಿ, ಕೌರವನ ಅರ್ಥಧಾರಿ ಇನ್ನೊಂದು ಬಗೆಯಾಗಿ ವಾದಿಸಿ ತನ್ನದೇ ಸರಿಯೆಂದು ಸಾಧಿಸುವುದನ್ನು ಆತ ಬಾಲ್ಯದಿಂದ ಕಂಡಿದ್ದಾನೆ. ದೈವವು ಮೈಮೇಲೆ ಬಂದು ನುಡಿಯುವುದೂ ಆತನಿಗೆ ಅಪರಿಚಿತವಲ್ಲ. ಪಾಶ್ಚಾತ್ಯ ವಿಮರ್ಶಕನಿಗೆ ಹೊಸತೆನಿಸಿದ ಕಥನಕ್ರಮ ಇಲ್ಲಿಯ ಪ್ರೇಕ್ಷಕನಿಗೆ ಹಳೆಯ ನೆಂಟನಂತೆ ಕಂಡರೆ ಅಚ್ಚರಿಯಿಲ್ಲ. ‘ಪಥೇರ್ ಪಾಂಚಾಲಿ’ಯ ದುರ್ಗೆ ಮೊದಲ ಮಳೆಯಲ್ಲಿ ನೆನೆದು ಕುಣಿದು ಜ್ವರ ಹಿಡಿದು ಸಾಯುವ ಭಾಗದ ಬಗೆಗಂತೂ ಹೇಳಬೇಕಾದುದೇನೂ ಇಲ್ಲ.

ನಾಯರ್ ಅವರನ್ನು ಕುರಿತು ಶಿವೇಂದ್ರ ಸಿಂಗ್ ಡುಂಗರ್ಪುರ್ ಅವರು 2012ರಲ್ಲಿ ತಯಾರಿಸಿದ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಭಾಗವೂ ಸೇರಿದೆ. ದಶಕಗಳ ಹಿಂದೆ ಕಂಡ ಚಿತ್ರಗಳನ್ನು ಅಲ್ಲಿಯ ಗ್ರಾಮಸ್ಥರು ನೆನೆದು ಮಾತನಾಡುವುದನ್ನು ಅದರಲ್ಲಿ ಕಾಣಬಹುದು. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಪ್ರಶಸ್ತಿಪತ್ರವು ನಾಟಕದೊಡನೆ, ಜಗತ್ತಿನ ಉತ್ತಮ ಚಿತ್ರಗಳಿಂದ ಗ್ರಾಮೀಣ ಕರ್ನಾಟಕವನ್ನು ಸಂಪನ್ನಗೊಳಿಸಿದ ಕಾರ್ಯವನ್ನೂ ಎತ್ತಿ ಹೇಳಿತು.

ಆದರೆ ಚಿತ್ರಗಳನ್ನು ತರಿಸಿ ತೋರಿಸಿದ ಮಾತ್ರಕ್ಕೆ ಇದೆಲ್ಲ ಸಾಧ್ಯವಾಯಿತೆಂದು ತಿಳಿಯಬಾರದು. ಹೆಗ್ಗೋಡಿನಲ್ಲಿ ಚಲನಚಿತ್ರ ರಸಗ್ರಹಣ ಶಿಬಿರಗಳು ನಡೆದವು. ಚಲನಚಿತ್ರವನ್ನು ಕುರಿತ ಪುಸ್ತಕಗಳು ಅಲ್ಲಿಯ ಅಕ್ಷರ ಪ್ರಕಾಶನದಿಂದ ಕನ್ನಡದಲ್ಲಿ ಹೊರಬಂದವು. ಪುಣೆಯ ಚಲನಚಿತ್ರ ಶಿಕ್ಷಣ ಸಂಸ್ಥೆಯ ಪ್ರಾಧ್ಯಾಪಕ ಸತೀಶ್ ಬಹಾದುರ್ ಅವರು ಈ ಶಿಬಿರಗಳಿಗೆ ಬಂದು ಪಾಠ ಹೇಳಿದರು. ಕವಿತೆಯನ್ನು ಸಾಲುಸಾಲಾಗಿ ಓದುವಂತೆ ಚಿತ್ರವನ್ನು ದೃಶ್ಯದೃಶ್ಯವಾಗಿ ಬಿಡಿಸಿ ನೋಡುವುದು ಅವರ ಕ್ರಮ. 1980ರ ದಶಕದಲ್ಲಿ ‘ಜನಸ್ಪಂದನ’ ಎಂಬ ಯೋಜನೆಯ ಮೂಲಕ ನಾಟಕ, ಚಿತ್ರಗಳೆರಡೂ ಬೇರೆ ಊರುಗಳಿಗೂ ಹೋದವು. ರಸಗ್ರಹಣ ಶಿಬಿರವು ಮುಂದೆ ಸಂಸ್ಕೃತಿ ಶಿಬಿರವಾಗಿ ವಿಸ್ತಾರಗೊಂಡಿತು.

ಹೀಗೆ ನೋಡುವುದನ್ನು ಕಲಿಯಲು ಕಿರುಚಿತ್ರದಷ್ಟು ಅನುಕೂಲವಾದುದು ಬೇರೊಂದಿಲ್ಲ. ಅದನ್ನು ಒಂದೇ ಸಂಜೆಯಲ್ಲಿ ಎರಡು ಬಾರಿ ನೋಡಬಹುದು. ನಡುವೆ ಚರ್ಚಿಸಲೂ ಬಹುದು. ಕೆನಡಾದ ನಾರ್ಮನ್ ಮೆಕ್‌ಲಾರೆನ್ 1952ರಲ್ಲಿ ತಯಾರಿಸಿದ ‘ನೇಬರ್ಸ್’ ಎಂಬ ಎಂಟು ನಿಮಿಷದ ಚಿತ್ರವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ನೆರೆಹೊರೆಯ ಇಬ್ಬರ ಅಂಗಳಗಳ ಗಡಿಯಲ್ಲಿ ಹೂವೊಂದು ಅರಳುತ್ತದೆ. ಅದು ತನ್ನದೆಂದು ಇಬ್ಬರೂ ಹೊಡೆದಾಡುತ್ತಾರೆ, ಬೇಲಿ ಹಾಕುತ್ತಾರೆ, ಮನೆಮಂದಿಯನ್ನೂ ಬಿಡದೆ ಕೊಂದು ತಾವೂ ಸಾಯುತ್ತಾರೆ. ಮೊದಲ ಸಲ ನೋಡುವವನು ನಗುತ್ತಾನೆ. ಅನಂತರ ನಗು ನಿಲ್ಲುತ್ತದೆ. ಎರಡನೆಯ ಸಲ ನೋಡಿದಾಗ, ಮನುಷ್ಯರು ಬೊಂಬೆಗಳಂತೆ ಜರುಗುವುದು ಹೇಗೆ ಎಂಬ ಪ್ರಶ್ನೆ ಏಳುತ್ತದೆ. ನಟರನ್ನು ಸ್ವಲ್ಪ ಸ್ವಲ್ಪವೇ ಸರಿಸಿ ನಿಲ್ಲಿಸಿ ಒಂದೊಂದು ಚಿತ್ರವಾಗಿ ತೆಗೆದು ಜೋಡಿಸಿದುದೇ ಅದರ ರಹಸ್ಯ. ಸತ್ಯಜಿತ್ ರಾಯ್ ಅವರು 1964ರಲ್ಲಿ ತಯಾರಿಸಿದ ‘ಟು’ ಎಂಬ ಕಿರುಚಿತ್ರದಲ್ಲಿ ಮಾತೇ ಇಲ್ಲ. ಮಹಡಿಯ ಮನೆಯ ಕಿಟಕಿಯಲ್ಲಿ ಸಿರಿವಂತ ಹುಡುಗ, ಕೆಳಗಿನ ಬಯಲಿನಲ್ಲಿ ಬಡ ಹುಡುಗ. ಇವರಿಬ್ಬರೂ ಆಟಿಕೆಗಳಿಂದಲೇ ಪೈಪೋಟಿ ನಡೆಸುತ್ತಾರೆ. ಶಿವಮೊಗ್ಗ ಜಿಲ್ಲೆಯವರೇ ಆದ ಗಿರೀಶ ಕಾಸರವಳ್ಳಿಯವರಿಗೆ ಮೊದಲು ಹೆಸರು ತಂದುದು, ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ 1975ರಲ್ಲಿ ಅವರು ತಯಾರಿಸಿದ ‘ಅವಶೇಷ್’ ಎಂಬ ಕಿರುಚಿತ್ರ. ‘ಘಟಶ್ರಾದ್ಧ’ ಬಂದುದು ಅದಾದ ಎರಡು ವರ್ಷಗಳ ಮೇಲೆ.

ಚಿತ್ರಸಮಾಜದ ಪ್ರದರ್ಶನಕ್ಕೆ ಊರೆಲ್ಲ ಬಂದು ಸೇರುತ್ತದೆಂದು ಭ್ರಮಿಸುವುದೂ ಸಲ್ಲದು. ನಿಧಾನಗತಿಯ ಚಿತ್ರದ ನಡುವೆ ಎದ್ದುಹೋಗುವವರು ಎಲ್ಲ ಊರುಗಳಲ್ಲಿಯೂ ಉಂಟು, ನಿದ್ದೆಹೋಗುವವರೂ ಉಂಟು. 1980ರ ದಶಕದಲ್ಲಿ ಟೆಲಿವಿಷನ್ನೂ ವೀಡಿಯೋ ಕ್ಯಾಸೆಟ್ಟೂ ಮನೆಮನೆಗೆ ಬಂದಾಗ ದೇಶದ ಅನೇಕ ಚಿತ್ರಸಮಾಜಗಳು ಬಾಗಿಲು ಮುಚ್ಚಿದವು.

ಈಗ ಫಿಲ್ಮಿನ ಸುರುಳಿಯೇ ಬಳಕೆಯಿಂದ ಮರೆಯಾಗಿದೆ. ಕೈಯಲ್ಲಿ ಹಿಡಿಯುವ ಫೋನಿನಿಂದಲೇ ಚಿತ್ರ ತೆಗೆಯಬಹುದು, ಅದರಲ್ಲಿಯೇ ನೋಡಬಹುದು. 2024ರಲ್ಲಿ ಮೈಸೂರಿನ ಚಿದಾನಂದ ನಾಯಕ್ ಅವರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ ಕನ್ನಡ ಕಿರುಚಿತ್ರಕ್ಕೆ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂದಿತು. ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದೆಂಬ ಅಜ್ಜಿಯ ಜನಪದ ಕಥೆಯೇ ಅದರ ಬೀಜ. ಉದ್ದ ಸುಮಾರು ಹದಿನಾರು ನಿಮಿಷ. ಆದರೆ ಅಜ್ಜಿಯ ಕೋಳಿಯ ಕಥೆ ಬಲ್ಲ ಊರಿನವರು ಒಟ್ಟಾಗಿ ಕುಳಿತು ಅದನ್ನು ನೋಡಬೇಕಾದರೆ ಇಂದಿಗೂ ಒಂದು ಸಭಾಂಗಣ ಬೇಕು. ಚಿಕ್ಕದೊಂದು ಪ್ರೊಜೆಕ್ಟರು, ಸುಕ್ಕಿಲ್ಲದ ಬಿಳಿಯ ಬಟ್ಟೆ, ಧ್ವನಿವರ್ಧಕ, ಚಿತ್ರ ತಯಾರಿಸಿದವರ ಒಪ್ಪಿಗೆ ಪತ್ರ, ಕನ್ನಡದಲ್ಲಿ ನಾಲ್ಕು ಮಾತು ಹೇಳಬಲ್ಲ ಒಬ್ಬರು, ಇಷ್ಟಿದ್ದರೆ ಶಾಲೆಯ ಕೊಠಡಿಯೂ ಸಾಕು. ಕಷ್ಟವಾಗುವುದು ಚರ್ಚೆಗೆ ವೇಳೆ ಉಳಿಸುವುದು. ಚಿತ್ರ ಮುಗಿದೊಡನೆ ದೂರದ ಹಳ್ಳಿಯವರು ಎದ್ದು ಹೊರಡುತ್ತಾರೆ; ಆದುದರಿಂದ ಕೊನೆಯ ಬಸ್ಸಿನ ಹೊತ್ತನ್ನು ವಿಚಾರಿಸಿಕೊಂಡು ಪ್ರದರ್ಶನವನ್ನು ಅರ್ಧ ಗಂಟೆ ಮೊದಲೇ ಆರಂಭಿಸುವುದು ಲೇಸು.