ಮನಾಮಾದ ಓಣಿಗಳಲ್ಲಿ ಕಾರ್ಮಿಕರ ಮನೆ

ಸಂಸಾರಸ್ಥರ ಓಣಿಗೆ ಕಾರ್ಮಿಕರ ವಸತಿ ಬರುತ್ತದಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಬಹರೈನ್‌ನ ರಾಜಧಾನಿ ಮನಾಮಾದಲ್ಲಿ ಆಕ್ಷೇಪ ಏಳುತ್ತದೆ. ಹೊಸ ಕಟ್ಟಡವೇ ಆಗಬೇಕೆಂದಿಲ್ಲ. ಪಕ್ಕದ ಹಳೇ ಮನೆಯನ್ನು ಮಾಲೀಕ ಯಾವುದೋ ಕಂಪನಿಗೆ ಬಾಡಿಗೆಗೆ ಕೊಡಲಿದ್ದಾನೆ ಎಂಬ ಮಾತೂ ನೆರೆಹೊರೆಯವರನ್ನು ಕೆರಳಿಸುತ್ತದೆ. ವಾಹನ ನಿಲ್ಲಿಸಲು ಜಾಗವಿಲ್ಲ, ಚರಂಡಿ ಉಕ್ಕುತ್ತದೆ, ಕಸದ ತೊಟ್ಟಿ ತುಂಬಿ ಚೆಲ್ಲುತ್ತದೆ, ಹೆಂಗಸರು ಮಕ್ಕಳು ಓಡಾಡುವುದು ಹೇಗೆ ಎಂಬುದು ದೂರುಗಳ ಸಾರ. ಬಹರೈನ್‌ನ ಸಂಸದರೂ ಪುರಸಭಾ ಸದಸ್ಯರೂ ವರ್ಷಗಳಿಂದ ಇದನ್ನು ಎತ್ತುತ್ತಲೇ ಬಂದಿದ್ದಾರೆ.

ಸಮಸ್ಯೆಯ ಬೇರು ನಗರದ ಚರಿತ್ರೆಯಲ್ಲಿದೆ. ಹಳೇ ಮನಾಮಾ ಎಂದರೆ ಬಾಬ್ ಅಲ್ ಬಹರೈನ್ ಹೆಬ್ಬಾಗಿಲ ಹಿಂದಿನ ಸೂಕ್ ಅಥವಾ ಪೇಟೆ, ಅದಕ್ಕೆ ಅಂಟಿಕೊಂಡ ಫರೀಜ್‌ಗಳು, ಅಂದರೆ ಕೇರಿಗಳು. ಮುಖರ್ಕಾ, ಫಾದಲ್, ಅವಧಿಯಾ ಇಂಥ ಕೇರಿಗಳು. ಮುಹರ್ರಮ್ ಮೆರವಣಿಗೆ ಸಾಗುವ ಓಣಿಗಳಿಂದ ಸ್ವಲ್ಪ ದೂರದಲ್ಲೇ ಸಿಂಧಿ ವ್ಯಾಪಾರಿಗಳು ಕಟ್ಟಿದ ಶ್ರೀನಾಥಜಿ ದೇವಸ್ಥಾನವೂ ಇದೆ. 1968ರಲ್ಲಿ ಈಸಾ ಟೌನ್, 1984ರಲ್ಲಿ ಹಮದ್ ಟೌನ್ ತೆರೆದುಕೊಂಡ ಮೇಲೆ ಅನೇಕ ಬಹರೈನಿ ಕುಟುಂಬಗಳು ಸರ್ಕಾರಿ ವಸತಿಗೆ, ಅಗಲವಾದ ರಸ್ತೆಗಳಿಗೆ ಹೊರಟುಹೋದವು. ಬಿಟ್ಟುಹೋದ ಮನೆಗಳಿಗೆ ಬಾಡಿಗೆದಾರರಾಗಿ ಬಂದವರು ಕೇರಳ, ತಮಿಳುನಾಡು, ಆಂಧ್ರ, ಬಾಂಗ್ಲಾದೇಶ, ಪಾಕಿಸ್ತಾನದವರು. ನಮ್ಮ ಕರಾವಳಿಯವರೂ ಇದ್ದಾರೆ. 2020ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆ ಸುಮಾರು 15 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೊರದೇಶದವರು.

ಒಂದು ಕುಟುಂಬಕ್ಕೆಂದು ಕಟ್ಟಿದ ಮನೆ ಇಪ್ಪತ್ತು ಮೂವತ್ತು ಜನರ ಮನೆಯಾಗುವ ಬಗೆ ಸರಳ. ಒಬ್ಬ ಇಡೀ ಮನೆಯನ್ನು ಬಾಡಿಗೆಗೆ ಹಿಡಿಯುತ್ತಾನೆ. ಹಜಾರಕ್ಕೆ ಪ್ಲೈವುಡ್ ಅಡ್ಡಗೋಡೆ ಹಾಕಿ ಎರಡೋ ಮೂರೋ ಕೋಣೆ ಮಾಡುತ್ತಾನೆ. ಒಂದರ ಮೇಲೊಂದು ಮಂಚ ಜೋಡಿಸಿ ಒಂದೊಂದು ಮಂಚಕ್ಕೂ ತಿಂಗಳ ಬಾಡಿಗೆ ಗೊತ್ತುಮಾಡುತ್ತಾನೆ. ಗಲ್ಫಿನವರ ಬಾಯಲ್ಲಿ ಇದು ‘ಬೆಡ್ ಸ್ಪೇಸ್’. ಮಂಚದ ಸುತ್ತ ಒಂದು ಪರದೆ, ಕೆಳಗೆ ಊರಿಂದ ತಂದ ಸೂಟ್‌ಕೇಸು, ತಲೆಯ ಬಳಿ ಮೊಬೈಲ್ ಚಾರ್ಜರು, ಇಷ್ಟೇ ಖಾಸಗಿ ಜಾಗ. ಬೆಳಗಿನ ಜಾವ ಕಂಪನಿ ಬಸ್ಸು ಬರುವ ಮೊದಲು ಒಂದೇ ಬಚ್ಚಲಿಗೆ ಸಾಲು ನಿಲ್ಲಬೇಕು. ಪ್ರತಿ ಕೋಣೆಯಲ್ಲೂ ಎಸಿ, ಅಡುಗೆಗೆ ಗ್ಯಾಸ್ ಸಿಲಿಂಡರ್. ಹಳೇ ವೈರಿಂಗ್ ಇದನ್ನೆಲ್ಲ ಹೊರಬೇಕು, ಒಂದು ಕುಟುಂಬದ ಲೆಕ್ಕದ ಒಳಚರಂಡಿ ಕೊಳವೆ ಮೂವತ್ತು ಜನರ ನೀರನ್ನು ಎಳೆಯಬೇಕು. ಹಾಗಾಗಿ ನೆರೆಯವರ ದೂರಿನಲ್ಲಿ ಹುರುಳಿಲ್ಲ ಎನ್ನುವಂತಿಲ್ಲ.

ಹೆಚ್ಚು ಬೆಲೆ ತೆತ್ತವರು ಮಾತ್ರ ಒಳಗಿದ್ದವರೇ. 2006ರ ಜುಲೈ 30ರಂದು ಮನಾಮಾದ ಗುದೈಬಿಯಾದಲ್ಲಿ ನಿರ್ಮಾಣ ಕಂಪನಿಯೊಂದರ ಕಾರ್ಮಿಕರಿದ್ದ ಮೂರಂತಸ್ತಿನ ಕಟ್ಟಡಕ್ಕೆ ಬೆಂಕಿ ಬಿದ್ದು 16 ಭಾರತೀಯರು ಸತ್ತರು. 2013ರ ಜನವರಿ 11ರಂದು ಮುಖರ್ಕಾದಲ್ಲಿ ಮತ್ತೊಂದು ಬೆಂಕಿ. ಸತ್ತವರು 13 ಮಂದಿ, ಬಾಂಗ್ಲಾದೇಶದ ಕಾರ್ಮಿಕರು. ಎರಡರ ನಡುವೆ ಒಂದು ವ್ಯತ್ಯಾಸವಿದೆ. ಮೊದಲನೆಯದು ಕಂಪನಿ ಕೊಟ್ಟ ವಸತಿ. ಅಂಥದ್ದನ್ನು ಕಾರ್ಮಿಕ ಸಚಿವಾಲಯದ ಇನ್‌ಸ್ಪೆಕ್ಟರುಗಳು ತಪಾಸಣೆ ಮಾಡಬಹುದು, ತಪ್ಪು ಕಂಡರೆ ಮಾಲೀಕನನ್ನು ಹಿಡಿಯಬಹುದು. ಎರಡನೆಯದು ಕಾರ್ಮಿಕರು ತಾವೇ ಬಾಡಿಗೆ ಕೊಟ್ಟು ಇದ್ದ ಖಾಸಗಿ ಕಟ್ಟಡ. ಅಲ್ಲಿ ವಸತಿ ಕೊಟ್ಟ ಉದ್ಯೋಗದಾತ ಎಂಬವನೇ ಇಲ್ಲದ್ದರಿಂದ ಸಚಿವಾಲಯದ ಕೈ ಅಲ್ಲಿಗೆ ತಲುಪುತ್ತಿರಲಿಲ್ಲ. ‘ಫ್ರೀ ವೀಸಾ’ದಲ್ಲಿ ಬಂದು, ಅಂದರೆ ವೀಸಾ ಕೊಟ್ಟವನ ಬಳಿ ದುಡಿಯದೆ ಹೊರಗೆ, ದಿನಗೂಲಿ ಮಾಡುವವರು ಇಂಥ ಮನೆಗಳಿಗೇ ಸೇರುವುದು. ಸ್ವಂತವಾಗಿ ದುಡಿಯಲು 2017ರಲ್ಲಿ ಶುರುವಾದ ಫ್ಲೆಕ್ಸಿ ಪರ್ಮಿಟ್ 2022ರಲ್ಲಿ ನಿಂತುಹೋಯಿತು. ಅವರಿಗೆ ತಲೆಯ ಮೇಲೊಂದು ಸೂರು ಬೇಕೆಂಬುದೇನೂ ನಿಲ್ಲಲಿಲ್ಲ.

ನಿವಾಸಿಗಳು ಕೇಳುವ ಪರಿಹಾರ, ಕಾರ್ಮಿಕರ ವಸತಿಯನ್ನು ಊರಾಚೆ ಕೈಗಾರಿಕಾ ಪ್ರದೇಶಗಳ ಕಡೆಗೆ ಒಯ್ಯಿರಿ ಎಂಬುದು. ದೊಡ್ಡ ಕಂಪನಿಗಳಿಗೆ ಅದು ಸಾಧ್ಯವೂ ಹೌದು. ಸಿತ್ರಾ, ಸಲ್ಮಾಬಾದ್, ಅಸ್ಕರ್ ಕಡೆ ಅಂಥ ಕ್ಯಾಂಪುಗಳಿವೆ. ಆದರೆ ಸೂಕ್‌ನ ಅಂಗಡಿಯಲ್ಲಿ ರಾತ್ರಿ ಹತ್ತರ ತನಕ ನಿಲ್ಲುವ ಹುಡುಗ, ಹೋಟೆಲಿನ ಅಡುಗೆಯವನು, ಇದೇ ಓಣಿಯ ಕಾರುಗಳನ್ನು ತೊಳೆಯುವವನು ಅಷ್ಟು ದೂರದಿಂದ ಬರುವುದು ಯಾವ ಸಂಬಳದಲ್ಲಿ? ದೂರು ಕೊಡುವವರಿಗೂ ಇವರ ದುಡಿಮೆ ಬೇಕು, ವಾಸ ಮಾತ್ರ ಬೇಡ. 2020ರಲ್ಲಿ ಕೋವಿಡ್ ಹರಡಿದಾಗ ಇಕ್ಕಟ್ಟಿನ ಕೋಣೆಗಳಿಂದ ಜನರನ್ನು ತೆರವು ಮಾಡಿ ಖಾಲಿ ಇದ್ದ ಶಾಲಾ ಕಟ್ಟಡಗಳಿಗೆ ಕಳಿಸಬೇಕಾಯಿತು. ಒಂದು ಕೋಣೆಯಲ್ಲಿ ಎಷ್ಟು ಜನ ಎಂಬುದು ಇಡೀ ನಗರದ ಆರೋಗ್ಯದ ಪ್ರಶ್ನೆ ಎಂದು ಆಗ ಎಲ್ಲರಿಗೂ ಮನದಟ್ಟಾಯಿತು.

ಈ ವಾದದಲ್ಲಿ ಕಾರ್ಮಿಕನ ದನಿ ಕೇಳುವುದೇ ಇಲ್ಲ. ಓಣಿಯ ದೂರು ಹೋಗುವ ಮನಾಮಾ ಪುರಸಭೆ 1919ರಷ್ಟು ಹಳೆಯದು. ಚುನಾಯಿತ ಪುರಸಭಾ ಮಂಡಳಿಗಳು ಬಂದ 2002ರಿಂದ ಆಸ್ತಿ ಹೊಂದಿದ ವಿದೇಶಿಯರೂ ಮತ ಹಾಕಬಹುದಿತ್ತು, ಮಂಚ ಬಾಡಿಗೆಗೆ ಪಡೆದವನಿಗೆ ಆ ಹಕ್ಕಿರಲಿಲ್ಲ. 2014ರಲ್ಲಿ ರಾಜಧಾನಿಯ ಚುನಾಯಿತ ಮಂಡಳಿಯನ್ನೇ ತೆಗೆದು ನೇಮಕಗೊಂಡ ಟ್ರಸ್ಟಿಗಳ ಮಂಡಳಿಯನ್ನು ಕೂರಿಸಲಾಯಿತು. ಈಗ ಓಣಿಯ ದೂರುದಾರನೂ ತಾನು ಆರಿಸದವರ ಬಾಗಿಲು ತಟ್ಟಬೇಕು.

ಬೆಂಗಳೂರಿನವರಿಗೆ ಇದೇನೂ ಹೊಸ ಜಗಳವಲ್ಲ. ಪೀಜಿಗಳ ವಿರುದ್ಧ ಬಡಾವಣೆಗಳ ನಿವಾಸಿ ಸಂಘಗಳು ಆಡುವ ಮಾತು ಇದೇ. 2024ರಲ್ಲಿ ಬಿಬಿಎಂಪಿ ಹೊರಡಿಸಿದ ಸುತ್ತೋಲೆ ಪೀಜಿಯಲ್ಲಿ ತಲಾ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಅಗ್ನಿ ಸುರಕ್ಷತೆಯ ಏರ್ಪಾಟು ಇರಬೇಕೆಂದು ಹೇಳಿತು. ಜಾರಿಯ ಮಾತು ಬೇರೆ. ಸುತ್ತೋಲೆ ಕೇಳಿದ ಪ್ರಶ್ನೆ ಸರಿಯಾದದ್ದು. ಬಾಡಿಗೆದಾರ ಯಾರು ಎಂದು ಕೇಳದೆ, ಕಟ್ಟಡ ಎಷ್ಟು ಜನರನ್ನು ತಾಳುತ್ತದೆ ಎಂದು ಕೇಳಿತು. ಮನಾಮಾದಲ್ಲೂ ಪರವಾನಗಿ ಕಟ್ಟಡಕ್ಕೆ ಇರಬೇಕು, ತಪಾಸಣೆ ಬಾಡಿಗೆ ಎಣಿಸಿಕೊಳ್ಳುವವನ ಮೇಲೆ ನಡೆಯಬೇಕು. ಅದಾಗದೆ ಈ ಕಾರ್ಮಿಕರನ್ನು ಒಂದು ಫರೀಜ್‌ನಿಂದ ಎಬ್ಬಿಸಿದರೆ ಅದೇ ಮಂಚಗಳು, ಅದೇ ಪ್ಲೈವುಡ್ ಗೋಡೆಗಳು ಮುಂದಿನ ಫರೀಜ್‌ಗೆ ಹೋಗುತ್ತವೆ, ಅಷ್ಟೇ.