ಮೂವರು ಭಾರತರತ್ನರು ಓದಿದ ಕಾಲೇಜು

ವಿಜ್ಞಾನ ಕಾಲೇಜೊಂದು ತನ್ನ ಹಳೆಯ ವಿದ್ಯಾರ್ಥಿಗಳಿಗೆ ಶಾಲು ಹೊದಿಸುವಾಗ ನಿಜಕ್ಕೂ ಗೌರವಿಸುವುದು ಯಾವುದನ್ನು? ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಇತಿಹಾಸ ಇದಕ್ಕೆ ಉತ್ತರ ನೀಡುತ್ತದೆ.

1858ರಲ್ಲಿ ಹೈಸ್ಕೂಲಾಗಿ ಆರಂಭವಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಾಗಿ ಬೆಳೆದ ಈ ಸಂಸ್ಥೆಯಲ್ಲಿ ಓದಿದ ಮೂವರು ಭಾರತರತ್ನರಾದರು: ರಾಜಾಜಿ (1954), ವಿಶ್ವೇಶ್ವರಯ್ಯ (1955), ರಸಾಯನವಿಜ್ಞಾನಿ ಸಿ.ಎನ್.ಆರ್. ರಾವ್ (2014). ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು 1881ರಲ್ಲಿ ಬಿ.ಎ. ಮುಗಿಸಿದರು, ಅಂದು ಪದವಿ ನೀಡಿದ್ದು ಮದರಾಸು ವಿಶ್ವವಿದ್ಯಾನಿಲಯ. ಹೊಸೂರು ಸೀಮೆಯ ತೊರಪಳ್ಳಿಯ ರಾಜಾಜಿಯವರು ಇಲ್ಲಿ ಪದವಿ ಪಡೆದು, ಅನಂತರ ಸೇಲಂನಲ್ಲಿ ವಕೀಲರಾದರು. ವಿದ್ಯೆಗೆ ಗಡಿ ಅಡ್ಡಬರಲಿಲ್ಲ.

ಇದೇ ಕಾಲೇಜಿನಲ್ಲಿ ಭೌತವಿಜ್ಞಾನ ಓದಿದ ಎಚ್. ನರಸಿಂಹಯ್ಯನವರ ಬದುಕು ನಮಗೆ ಇನ್ನೂ ಹತ್ತಿರದ್ದು. ಗೌರಿಬಿದನೂರು ಬಳಿಯ ಹಳ್ಳಿಯಿಂದ ಶಾಲೆ ಸೇರಲು ಬೆಂಗಳೂರಿಗೆ ನಡೆದೇ ಬಂದ ಬಾಲಕ ಅವರು. 1942ರ ಚಳವಳಿಗಾಗಿ ತರಗತಿ ತೊರೆದು ಸೆರೆಮನೆ ಸೇರಿದರು. ಮರಳಿ ಬಂದು ಓದು ಪೂರೈಸಿದರು. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು.

ತೇನಿ, ಕಂಬಂ ಕಣಿವೆ, ದಿಂಡಿಗಲ್ ಭಾಗದ ಕನ್ನಡ ಮನೆಮಾತಿನ ಮಕ್ಕಳಿಗೆ ಮನೆಯ ನುಡಿ ಒಂದು, ಕಾಲೇಜಿನ ನುಡಿ ಮತ್ತೊಂದು. ಅವರಿಗೆ ಧೈರ್ಯ ತುಂಬುವುದು ಪದಕಗಳ ಪಟ್ಟಿಯಲ್ಲ, ನಡೆದು ಬಂದ ದಾರಿಯ ವೃತ್ತಾಂತ. ಆದುದರಿಂದ ನಮ್ಮ ಶಾಲೆಗಳೂ ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಯೊಬ್ಬರನ್ನು ಬರಮಾಡಿಕೊಂಡು, ಅವರು ಎಲ್ಲಿ ಎಡವಿದರು, ಹೇಗೆ ಎದ್ದರು ಎಂಬುದನ್ನು ಮಕ್ಕಳಿಗೆ ಕನ್ನಡದಲ್ಲಿಯೇ ಹೇಳಿಸಲಿ. ಶಾಲಿಗಿಂತ ಹೆಚ್ಚಿನ ಸನ್ಮಾನ ಅದೇ.