ಅಭಿಮಾನಿಗಳ ಪುಟ್ಟ ಪತ್ರಿಕೆಗಳು

‘ಫ್ಯಾನ್‌ಜೀನ್’ ಎಂಬ ಮಾತು ನಮ್ಮಲ್ಲಿ ಅನೇಕರಿಗೆ ಹೊಸದೆನಿಸಬಹುದು. ಅಭಿಮಾನಿಯೊಬ್ಬ ತಾನು ಮೆಚ್ಚಿದ ಕಲೆಯನ್ನು ಕುರಿತು ತಾನೇ ಬರೆದು, ತಾನೇ ಪ್ರತಿ ತೆಗೆದು, ತಾನೇ ಹಂಚುವ ಪುಟ್ಟ ಪತ್ರಿಕೆಯದು. 1966ರಲ್ಲಿ ಅಮೆರಿಕದ 17 ವರ್ಷದ ವಿದ್ಯಾರ್ಥಿ ಪಾಲ್ ವಿಲಿಯಮ್ಸ್, ರಾಕ್ ಸಂಗೀತಕ್ಕೂ ಗಂಭೀರ ವಿಮರ್ಶೆ ಸಲ್ಲಬೇಕೆಂದು ‘ಕ್ರಾಡ್ಯಾಡಿ’ಯ 500 ಪ್ರತಿಗಳನ್ನು ಸೈಕ್ಲೋಸ್ಟೈಲ್ ಮಾಡಿ ಹೊರತಂದ. ಹತ್ತು ವರ್ಷಗಳ ತರುವಾಯ, 1976ರಲ್ಲಿ, ಲಂಡನ್ನಿನ ಬ್ಯಾಂಕ್ ಗುಮಾಸ್ತ ಮಾರ್ಕ್ ಪೆರ್ರಿ ಪಂಕ್ ಸಂಗೀತಕ್ಕಾಗಿ ‘ಸ್ನಿಫಿನ್ ಗ್ಲೂ’ ಆರಂಭಿಸಿದಾಗ ಆತನಿಗೆ 19 ವರ್ಷ. ಬೆರಳಚ್ಚು ಯಂತ್ರ, ದಪ್ಪ ಮೊನೆಯ ಪೆನ್ನು, ನಕಲು ತೆಗೆಯುವ ಯಂತ್ರ—ಇಷ್ಟೇ ಸಲಕರಣೆ. ಕಾಗುಣಿತದ ತಪ್ಪುಗಳೂ ಹೊಡೆದುಹಾಕಿದ ಸಾಲುಗಳೂ ಹಾಗೆಯೇ ಉಳಿದವು.

ಆ ತಪ್ಪುಗಳೇ ಓದುಗನಿಗೆ ಅಭಯವಾದವು: ಇಷ್ಟು ನಿನ್ನಿಂದಲೂ ಸಾಧ್ಯ! ನೀವೂ ನಿಮ್ಮದೇ ಪತ್ರಿಕೆ ಹೊರಡಿಸಿರೆಂದು ಪೆರ್ರಿ ಓದುಗರನ್ನು ಹುರಿದುಂಬಿಸಿದ. ಎಷ್ಟೋ ಮಂದಿ ಹೊರಡಿಸಿದರು. ಪ್ರಸಾರ ಸಾವಿರಾರು ಪ್ರತಿಗಳಿಗೆ ಏರಿದ್ದರೂ 1977ರಲ್ಲಿ ಆತ ತನ್ನ ಪತ್ರಿಕೆಯನ್ನು ನಿಲ್ಲಿಸಿಬಿಟ್ಟ.

ಇಂದು ಆ ಹಾಳೆಗಳನ್ನು ಗ್ರಂಥಭಂಡಾರಗಳು ಜೋಪಾನ ಮಾಡುತ್ತಿವೆ. ಅಂದಿನ ಹುಡುಗರು ಅವನ್ನು ನೆನೆದು ನಿಟ್ಟುಸಿರಿಡುತ್ತಾರೆ. ಆದರೆ ಕೈಯಿಂದ ಕೈಗೆ ಸಾಗಿ ಸವೆದುಹೋಗಲೆಂದೇ ಹುಟ್ಟಿದ ಕಾಗದವದು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿದರೆ ಸಾಲದು. ಇಂದಿನ ಹುಡುಗನೊಬ್ಬ ತಪ್ಪುತಪ್ಪಾಗಿ ಬರೆದು ತಂದ ಹಾಳೆಯನ್ನು ಕೈಚಾಚಿ ಪಡೆದು ಓದುವುದೇ ಅದಕ್ಕೆ ಸಲ್ಲುವ ನಿಜವಾದ ಗೌರವ.